ಕನ್ನಡಿಯ ಕೆಳಗಿನ ಮೂರು ಗುಂಡಿ

ಕರು ಹಾಕಲು ಒದ್ದಾಡುತ್ತಿದ್ದ ಹಸುವೊಂದು ದನದ ಡಾಕ್ಟರಮ್ಮನನ್ನು ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಒತ್ತಿ ಹಿಡಿದು ಎಡಭುಜ ಮುರಿಯಿತು. ಆಪರೇಷನ್ ಆಯಿತು, ಮೂಳೆಗೆ ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಬಿಗಿದರು. ಮೂಳೆ ಕೂಡಿಕೊಂಡಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಬೆರಳುಗಳಲ್ಲಿ ಹಿಡಿತವೂ ಕಡಿಮೆಯಾಯಿತು. ಆಕೆಗೆ ಆಗ ಐವತ್ತು ದಾಟಿತ್ತು. ಅರ್ಧ ಆಯುಸ್ಸು ದನಕರುಗಳ ನಡುವೆ, ಜೀಪಿನ ಸೀಟಿನ ಮೇಲೆ ಕಳೆದವಳು. ಹಾಸಿಗೆಯಲ್ಲಿ ಮಲಗಿದ್ದಷ್ಟು ದಿನ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮತ್ತೆ ಕೆಲಸಕ್ಕೆ ಹೋಗುವುದು ಯಾವಾಗ?

ಆ ಪ್ರಶ್ನೆಗೆ ಅವಳ ಅಣ್ಣ ತನ್ನದೇ ರೀತಿಯಲ್ಲಿ ಉತ್ತರ ಹೇಳಿದ್ದ. ಅವಳು ಎದ್ದು ಓಡಾಡುವ ಹೊತ್ತಿಗೆ ಜೀಪನ್ನು ಮಾರಿಬಿಟ್ಟಿದ್ದ. ತುಕ್ಕು ಹಿಡಿದಿತ್ತು, ಇನ್ನು ಯಾರು ಓಡಿಸುತ್ತಾರೆ, ಒಳ್ಳೆಯ ಗಿರಾಕಿ ಸಿಕ್ಕಿದ, ಕೊಟ್ಟೆ ಅಂದ. ಅವನು ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕುರ್ಚಿಯ ಮೇಲೆ ಕೂತು ಕಾದವನು ಅವನೇ. ಆದರೆ ಕಾದದ್ದನ್ನೇ ಹಕ್ಕುಪತ್ರವೆಂದು ತಿಳಿದುಕೊಂಡಿದ್ದ.

ಮನೆ ಅಪ್ಪನದು. ಪಾಲಾದಾಗ ಮೇಲಿನ ಅಂತಸ್ತು ಅಣ್ಣನಿಗೆ, ಕೆಳಗಿನದು ಮತ್ತು ಅದಕ್ಕಂಟಿಕೊಂಡ ಕಾರ್ ಶೆಡ್ಡು ತಂಗಿಗೆ ಬಂದಿತ್ತು. ಅಣ್ಣನ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಅದರ ಸಾಮಾನೆಲ್ಲ ಈ ಶೆಡ್ಡಿಗೆ ಬಂದು ಬಿತ್ತು. ಜಲಪಾತ, ಅರಮನೆಯ ಮೆಟ್ಟಿಲು, ಚಂದ್ರೋದಯದ ಪರದೆಗಳು, ದೀಪದ ಕಂಬಗಳು, ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವ ಮರದ ಕುದುರೆ. ಸಾಮಾನು ಎತ್ತಿಡಲು ಬೇಕೆಂದು ಶೆಡ್ಡಿನ ಬಾಗಿಲಿನ ರಿಮೋಟನ್ನು ಅಣ್ಣ ಇಸಿದುಕೊಂಡವನು ವಾಪಸು ಕೊಡಲಿಲ್ಲ. ಇದ್ದದ್ದು ಅದೊಂದೇ, ಗೋಡೆಯಲ್ಲಿ ಸ್ವಿಚ್ಚೂ ಇರಲಿಲ್ಲ. ಆ ಬಾಗಿಲು ಮೋಟರಿನ ಬಲದಿಂದ ಮೇಲಕ್ಕೆ ಸರಿಯುವಂಥದು. ಕೈಯಿಂದ ಎತ್ತಲು ಎರಡು ಗಟ್ಟಿ ತೋಳು ಬೇಕು.

ಡಾಕ್ಟರಮ್ಮ ಯಾರನ್ನೂ ಕೇಳದೆ, ಗೇರನ್ನು ತಾನೇ ಬದಲಿಸಿಕೊಳ್ಳುವ ಹೊಸ ಕಾರು ಕೊಂಡಳು. ಅಂಗಡಿಯ ಮಾರಾಟಗಾರ ಚಾವಣಿಯ ಗಾಜು ತೆರೆದು ತೋರಿಸಿದ, ಹಾಡು ಹಾಕಿ ಕೇಳಿಸಿದ. ಅದ್ಯಾವುದಕ್ಕೂ ಅವಳು ಸೊಪ್ಪು ಹಾಕಲಿಲ್ಲ. ಅವಳಿಗೆ ಬೇಕಿದ್ದದ್ದು ಎರಡೇ. ಗೇರಿನ ಮುಂದೆ ರಬ್ಬರು ಹಾಸಿದ ಒಂದು ತಟ್ಟೆ ಇತ್ತು. ಫೋನನ್ನು ಅದರ ಮೇಲೆ ಸುಮ್ಮನೆ ಇಟ್ಟರೆ ಸಾಕು, ವೈರಿಲ್ಲದೆ ಚಾರ್ಜಾಗುತ್ತದೆ. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ವೈರಿನ ತುದಿ ಸಿಕ್ಕಿಸಲು ತಿಣುಕುತ್ತಿದ್ದವಳಿಗೆ ಇದು ದೊಡ್ಡ ಸಂಗತಿ. ಇನ್ನೊಂದು, ಹಿಂದಿನ ದಾರಿ ತೋರಿಸುವ ಒಳಗನ್ನಡಿಯ ಕೆಳಗಿದ್ದ ಮೂರು ಗುಂಡಿಗಳು. ಮನೆಯ ಶೆಡ್ಡಿನ ಬಾಗಿಲಿನ ಗುರುತನ್ನು ಅವುಗಳಿಗೆ ಒಮ್ಮೆ ಕಲಿಸಿಕೊಟ್ಟರೆ ಕಾರಿನಲ್ಲಿ ಕೂತೇ ತೆರೆಯಬಹುದು, ಮುಚ್ಚಬಹುದು. ಆದರೆ ಕಲಿಸಲು ಹಳೆಯ ರಿಮೋಟು ಒಮ್ಮೆ ಕೈಗೆ ಸಿಗಬೇಕು ಎಂದು ಮಾರಾಟಗಾರ ಹೇಳಿದ. ಅದನ್ನು ಕೇಳಿ ಅವಳು ನಕ್ಕಳು. ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

ಕಾರು ನೋಡಿ ಅಣ್ಣ ಜಗಳವಾಡಲಿಲ್ಲ. ರಿಮೋಟು ನನ್ನಲ್ಲೇ ಇರಲಿ, ಹೋಗುವಾಗ ಫೋನು ಮಾಡು, ಮೇಲಿನಿಂದಲೇ ತೆಗೆಯುತ್ತೇನೆ ಅಂದ. ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಅವಳು ಶೆಡ್ಡಿನಲ್ಲಿ ಕಾರಿನೊಳಗೆ ಕೂತು ಮೇಲಕ್ಕೆ ಫೋನು ಮಾಡಬೇಕು. ಎಲ್ಲಿಗೆ, ಯಾರ ಮನೆಗೆ, ಎತ್ತೋ ಹಸುವೋ, ಬರುವುದು ಎಷ್ಟು ಹೊತ್ತಿಗೆ ಎಂದು ಅವನು ವಿಚಾರಿಸುತ್ತಿದ್ದ. ಹಲ್ಲುಜ್ಜುತ್ತಿದ್ದರೆ ಬಾಯಿ ತೊಳೆಯುವವರೆಗೆ ಕಾಯಬೇಕಿತ್ತು. ಒಮ್ಮೊಮ್ಮೆ, ನಿನ್ನೆ ದಣಿದು ಬಂದಿದ್ದೀಯ, ಇವತ್ತು ಬೇಡ ಎಂದು ಫೋನಿಟ್ಟುಬಿಡುತ್ತಿದ್ದ. ಚಿಕ್ಕವಳಿದ್ದಾಗ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಓಡಾಡಿಸಿದವನು ಅಣ್ಣ. ಅವಳು ಈಗಲೂ ಹಿಂದಿನ ಸೀಟಿನಲ್ಲೇ ಇದ್ದಾಳೆಂದು ಅವನ ಲೆಕ್ಕ.

ಇದರ ನಡುವೆ ಫೋನಿನದೂ ಒಂದು ಕಾಟ. ತಟ್ಟೆಯ ಮೇಲೆ ಇಟ್ಟರೂ ಚಾರ್ಜಾಗುತ್ತಿರಲಿಲ್ಲ. ಪಕ್ಕದ ಸಣ್ಣ ದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕುತ್ತಿತ್ತು, ಅಷ್ಟೆ. ಒಂದು ಮಧ್ಯಾಹ್ನ ದಾರಿಯಲ್ಲೇ ಫೋನು ಸತ್ತಿತು. ಹೊಟ್ಟೆಯುಬ್ಬರಿಸಿದ ಕರುವಿನ ಮನೆಯವರು ಕರೆದು ಕರೆದು ಸೋತು, ದೂರದ ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಅವನು ಬರುವವರೆಗೆ ಕರು ಉಳಿಯಲಿಲ್ಲ. ಸುದ್ದಿ ಕೇಳಿ ಅಣ್ಣ ಬೈಯಲಿಲ್ಲ. ಮೆಲ್ಲಗೆ ಅವಳ ಬೆನ್ನು ತಟ್ಟಿ, ಎಲ್ಲದಕ್ಕೂ ಒಂದು ವಯಸ್ಸು ಅಂತ ಇರುತ್ತೆ ಅಂದ. ಬೈದಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಅವಳು ಕಾರಿನಲ್ಲಿ ಕೂತು, ಹಟ ಮಾಡುವ ದನವನ್ನು ನೋಡುವ ಹಾಗೆ ಆ ತಟ್ಟೆಯನ್ನು ನೋಡಿದಳು. ಫೋನನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ದೀಪ ಮಿಟುಕುತ್ತಲೇ ಇತ್ತು. ಕೊನೆಗೆ ಫೋನಿನ ಕವಚ ಬಿಚ್ಚಿದಳು. ಕೈಜಾರಿ ಬಿದ್ದರೆ ಒಡೆಯಬಾರದೆಂದು ಅಣ್ಣ ತಂದು ತೊಡಿಸಿದ್ದ ದಪ್ಪ ಚರ್ಮದ ಕವಚ. ಬೆನ್ನಿಗೆ ಒಂದು ಲೋಹದ ತಗಡು ಬೇರೆ. ಬರಿ ಫೋನನ್ನು ಇಟ್ಟದ್ದೇ ತಡ, ದೀಪ ಹಸಿರಾಯಿತು. ಅವಳು ಆ ಕವಚವನ್ನು ಕಸದ ಬುಟ್ಟಿಗೆ ಹಾಕಿ ನೇರ ಮಹಡಿ ಹತ್ತಿದಳು.

ಅಣ್ಣ ಊಟಕ್ಕೆ ಕೂತಿದ್ದ. ಒಂದು ಗಂಟೆಯ ಮಟ್ಟಿಗೆ ರಿಮೋಟು ಕೊಡು ಎಂದು ಕೇಳಿದಳು. ಯಾಕೆಂದು ಕೇಳಿದ. ಕಾರಿಗೆ ಕಲಿಸಬೇಕು ಅಂದಳು. ಅವನು ತುತ್ತು ನುಂಗಿ, ನೀರು ಕುಡಿದು, ಅದೆಲ್ಲ ಬೇಡ, ನಾನಿದ್ದೀನಲ್ಲ ಅಂದ. ಬಡಿಸುತ್ತಿದ್ದ ಅತ್ತಿಗೆ ತಲೆಯೆತ್ತಲಿಲ್ಲ. ಅತ್ತಿಗೆ ಆ ಮನೆಯಲ್ಲಿ ತಲೆಯೆತ್ತಿ ಮಾತಾಡಿದ್ದನ್ನು ಡಾಕ್ಟರಮ್ಮ ಕಂಡದ್ದೇ ಅಪರೂಪ.

ಸಂಜೆ ಅಣ್ಣ ವಾಕಿಂಗಿಗೆ ಹೊರಟ ಮೇಲೆ ಅತ್ತಿಗೆ ಒಣಗಿದ ಬಟ್ಟೆಯ ಬುಟ್ಟಿ ಹಿಡಿದು ಕೆಳಗಿಳಿದು ಬಂದಳು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ದಿಂಬಿನ ಚೀಲದೊಳಗಿಂದ ರಿಮೋಟು ತೆಗೆದಳು.

"ಅವರು ಕೇಳಿದ್ರೆ ನಾನೇ ಕೊಟ್ಟೆ ಅಂತ ಹೇಳು. ಕದ್ದೆ ಅಂತ ಹೇಳ್ಬೇಡ," ಅಂದಳು.

ಇಬ್ಬರೂ ಶೆಡ್ಡಿಗೆ ಹೋದರು. ಡಾಕ್ಟರಮ್ಮ ಕಾರಿನ ಪುಸ್ತಕದಲ್ಲಿ ಓದಿಕೊಂಡಂತೆ ರಿಮೋಟನ್ನು ಕನ್ನಡಿಯ ಹತ್ತಿರ ಹಿಡಿದು, ಅದರ ಗುಂಡಿಯನ್ನೂ ಕನ್ನಡಿಯ ಮೊದಲ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕಿತ್ತು. ಎಡಗೈ ಅಷ್ಟು ಮೇಲೆ ಏಳದು. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತು ರಿಮೋಟು ಹಿಡಿದಳು. ಕನ್ನಡಿಯ ಸಣ್ಣ ದೀಪ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ ಮಿಟುಕಿತು. ಅರ್ಧ ಪಾಠವಾಯಿತು. ಇನ್ನರ್ಧ ಚಾವಣಿಯ ಮೋಟರಿನಲ್ಲಿತ್ತು. ಅದರ ಬೆನ್ನಿನ ಗುಂಡಿಯನ್ನು ಒಮ್ಮೆ ಒತ್ತಿ, ಅರ್ಧ ನಿಮಿಷದೊಳಗೆ ಕಾರಿನ ಗುಂಡಿ ಒತ್ತಿದರೆ ಮೋಟರು ಕಾರಿನ ಗುರುತು ಹಿಡಿಯುತ್ತದೆ. ಅತ್ತಿಗೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಸ್ಟುಡಿಯೋದ ಏಣಿಯನ್ನು ಹತ್ತಿದಳು. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಡಾಕ್ಟರಮ್ಮ ತಡೆದಳು.

ಆ ಗುಂಡಿಯನ್ನು ಬಿಡದೆ ಒತ್ತಿ ಹಿಡಿದರೆ ಮೋಟರು ಹಿಂದಿನ ಗುರುತುಗಳನ್ನೆಲ್ಲ ಮರೆತುಬಿಡುತ್ತದೆ ಎಂದು ಅವಳು ಹೇಳಿದಳು. ಆಮೇಲೆ ಕಾರಿನ ಗುರುತೊಂದನ್ನೇ ಕಲಿಸಬಹುದು. ಹಳೆಯ ರಿಮೋಟು ಬರಿ ಪ್ಲಾಸ್ಟಿಕ್ಕು.

ಅತ್ತಿಗೆ ಏಣಿಯ ಮೇಲಿಂದ ಬಗ್ಗಿ ನೋಡಿದಳು. "ಇವರ ರಿಮೋಟನ್ನ ಪೂರ್ತಿ ಮರೆತುಬಿಡುತ್ತಾ?"

"ಪೂರ್ತಿ. ನೀವು ಬೇಡ ಅಂದ್ರೆ ಬಿಡೋಣ ಅತ್ತಿಗೆ. ಮೇಲೆ ಅವನ ಜೊತೆ ಇರೋರು ನೀವು."

ಅತ್ತಿಗೆ ಮೋಟರಿನ ಕಡೆ ತಿರುಗಿದಳು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು, ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಆಮೇಲೆ ಇನ್ನೊಮ್ಮೆ ಲಘುವಾಗಿ ಒತ್ತಿದಳು. ಡಾಕ್ಟರಮ್ಮ ಕಾರಿನಲ್ಲಿ ಕೂತು ಕನ್ನಡಿಯ ಗುಂಡಿ ಒತ್ತಿದಳು. ಬಾಗಿಲು ಗಡಗಡನೆ ಮೇಲೆದ್ದಿತು, ಸಂಜೆಯ ಬೆಳಕು ಪರದೆಯ ಜಲಪಾತದ ಮೇಲೆ ಬಿತ್ತು. ಇಬ್ಬರೂ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಅಣ್ಣ ಬರುವ ಮೊದಲೇ ಅತ್ತಿಗೆ ರಿಮೋಟನ್ನು ಮೇಲೆ ಇದ್ದಲ್ಲೇ ಇಟ್ಟಳು.

ಮರುದಿನ ಬೆಳಿಗ್ಗೆ ಅವಳು ಫೋನು ಮಾಡದೆ ಹೊರಟುಹೋದಳು. ಅಣ್ಣ ಬಾಲ್ಕನಿಯಲ್ಲಿ ನಿಂತು ರಿಮೋಟು ಒತ್ತಿದ. ಬ್ಯಾಟರಿ ಬದಲಿಸಿ ಒತ್ತಿದ. ಅಂಗೈಗೆ ಕುಟ್ಟಿ ಒತ್ತಿದ. ಆಮೇಲೆ ಹೆಂಡತಿಯನ್ನು ಕೇಳಿದ. ಅತ್ತಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವತ್ತಿಡೀ ಮೇಲೆ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು, ಮತ್ತು ಆ ಸದ್ದು ಮಾಡುತ್ತಿದ್ದವಳು ಅತ್ತಿಗೆ.

ಎರಡು ದಿನ ಕಳೆದು ಬೆಳಿಗ್ಗೆ ಕುದುರೆ ಲಾಯದ ಯಜಮಾನನ ಫೋನು ಬಂತು. ಹೆಣ್ಣು ಕುದುರೆಯೊಂದಕ್ಕೆ ಹೊಟ್ಟೆಶೂಲೆ, ನೆಲಕ್ಕೆ ಬಿದ್ದು ಹೊರಳುತ್ತಿದೆ, ಬೇಗ ಬನ್ನಿ ಅಂದ. ಡಾಕ್ಟರಮ್ಮ ಚೀಲ ಹಾಕಿಕೊಂಡು ಕಾರೇರಿ ಗುಂಡಿ ಒತ್ತಿದಳು. ಮೋಟರು ಗುಂಯ್‌ಗುಟ್ಟಿತು, ಸರಪಳಿ ಓಡಿತು. ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಳಿದು ನೋಡಿದರೆ ಚಾವಣಿಯಿಂದ ಇಳಿಬಿದ್ದಿದ್ದ ಕೆಂಪು ಹಗ್ಗವನ್ನು ಯಾರೋ ಜಗ್ಗಿ, ಬಾಗಿಲನ್ನು ಮೋಟರಿನಿಂದ ಬಿಡಿಸಿದ್ದರು. ಕರೆಂಟು ಹೋದಾಗ ಕೈಯಿಂದ ಎತ್ತಲಿ ಎಂದು ಇರುವ ಹಗ್ಗ ಅದು. ಯಾರೋ ಅನ್ನುವುದೇನು ಬಂತು. ಮನೆಯೊಳಗಿಂದ ಶೆಡ್ಡಿಗೆ ಬರುವ ಬಾಗಿಲಲ್ಲಿ ಅಣ್ಣ ನಿಂತಿದ್ದ.

"ನಾನೇ ಎಳೆದದ್ದು," ಅಂದ. "ನಿನ್ನ ಫೋನಿನ ಮಾತು ಮೇಲಕ್ಕೆ ಕೇಳಿಸ್ತು. ಕುದುರೆ ಅಂತೆ. ಹಸು ಒತ್ತಿದ್ದಕ್ಕೇ ಹೀಗಾಯ್ತು, ಕುದುರೆ ಒದ್ದರೆ ಹೆಣ ತಗೊಂಡು ಬರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋನಲ್ಲ ನಾನು."

ಅವನ ದನಿ ನಡುಗುತ್ತಿತ್ತು. ಅದು ಕೋಪವಲ್ಲ, ನಿಜವಾದ ಹೆದರಿಕೆ ಎಂದು ಅವಳಿಗೆ ತಿಳಿಯಿತು. ತಿಳಿದದ್ದರಿಂದ ಅವಳೇನೂ ಮೆತ್ತಗಾಗಲಿಲ್ಲ.

"ಅಣ್ಣ, ನಿನಗೆ ಭಯ ಆಗುತ್ತೆ. ಆಗಲಿ. ಆ ಭಯಾನ ನೀನು ನಿನ್ನ ಹತ್ರ ಇಟ್ಕೋ, ನನ್ನ ಬಾಗಿಲಿಗೆ ಅಡ್ಡ ಇಡಬೇಡ. ನನಗೂ ಭಯ ಇದೆ. ನಾನು ಅದನ್ನ ಚೀಲದಲ್ಲಿ ಹಾಕ್ಕೊಂಡೇ ಹೋಗ್ತೀನಿ."

"ಒಂದು ಕೈಯಲ್ಲಿ ಏನು ಮಾಡ್ತೀಯ?"

"ಒಂದು ಕೈಯಲ್ಲಿ ಆಗೋದನ್ನ."

ಅವಳು ಬಲಗೈಯಲ್ಲಿ ಹಗ್ಗ ಹಿಡಿದು, ಅದನ್ನು ಬಾಗಿಲಿನ ಕಡೆಗೆ ಓರೆಯಾಗಿ ಜಗ್ಗಿ ಬಿಟ್ಟಳು. ಕಾರಿಗೆ ಮರಳಿ ಗುಂಡಿ ಒತ್ತಿದಳು. ಸರಪಳಿ ಓಡಿ ಬಂದು ಕೊಂಡಿ ಟಕ್ಕೆಂದು ಕಚ್ಚಿಕೊಂಡಿತು. ಬಾಗಿಲು ಮೇಲೆದ್ದಿತು. ಅಣ್ಣ ಅಲ್ಲೇ ನಿಂತಿದ್ದ. ಅವಳು ಫೋನನ್ನು ತಟ್ಟೆಯ ಮೇಲಿಟ್ಟು, ಹಸಿರು ದೀಪ ನೋಡಿ, ಹೊರಟಳು.

ಕುದುರೆ ಬೆವರಿ ಒದ್ದೆಮುದ್ದೆಯಾಗಿತ್ತು. ಎಡಗೈಯ ಕೆಲಸವನ್ನೆಲ್ಲ ಅವಳು ಲಾಯದ ಯಜಮಾನನಿಂದ ಮಾಡಿಸಿದಳು. ಇಲ್ಲಿ ಹಿಡಿ, ಮೂತಿ ಎತ್ತು, ಹಿಂಗಾಲಿನಿಂದ ದೂರ ನಿಲ್ಲು. ಮೊದಲು ಸೂಜಿ ಚುಚ್ಚಿ ನೋವು ಇಳಿಸಿದಳು. ಮೂಗಿನಿಂದ ಕೊಳವೆ ಇಳಿಸುವಾಗ ಕುದುರೆ ತಲೆ ಕೊಡವಿ ಅವಳನ್ನು ಗೋಡೆಗೆ ತಳ್ಳಿತು; ಒಂದು ಕ್ಷಣ ಆ ಕೊಟ್ಟಿಗೆಯ ಕಬ್ಬಿಣದ ಕಂಬ ಬೆನ್ನಿಗೆ ತಾಗಿದಂತಾಯಿತು. ಅವಳು ಹಲ್ಲು ಕಚ್ಚಿ, ಕುದುರೆಯ ಕತ್ತಿಗೆ ಹಣೆಯೊತ್ತಿ ನಿಂತು, ಮತ್ತೆ ಕೊಳವೆ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಯಜಮಾನ ಲದ್ದಿಯನ್ನು ನೋಡಿ ಹಬ್ಬದೂಟ ನೋಡಿದವನಂತೆ ಹಿಗ್ಗಿದ. ಅಷ್ಟರೊಳಗೆ ಮೇಲಿನ ಮನೆಯಿಂದ ಅವಳಿಗೆ ಐದಾರು ಕರೆ ಬಂದಿತ್ತು. ಅವಳು ಅತ್ತಿಗೆಗೆ ಫೋನು ಮಾಡಿ, ಕುದುರೆಯೂ ಚೆನ್ನಾಗಿದೆ, ನಾನೂ ಚೆನ್ನಾಗಿದ್ದೀನಿ, ಪಕ್ಕದಲ್ಲಿರುವವರಿಗೆ ಹೇಳಿ ಅಂದಳು.

ಅಣ್ಣ ಒಂದು ವಾರ ಮುಖ ಗಂಟಿಕ್ಕಿಕೊಂಡೇ ಇದ್ದ. ಆಮೇಲೆ ತನ್ನ ಪರದೆಗಳಿಗೆ ಬಿಸಿಲು ಕಾಣಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಒಂದು ರಿಮೋಟು ಮಾಡಿಸಿಕೊಡು ಎಂದು ಕೇಳಿದ. ಕೊಡುವುದಿಲ್ಲ ಎಂದು ಅವಳು ಹೇಳಿದಳು. ಪರದೆಗಳು ಎಷ್ಟು ದಿನ ಬೇಕಾದರೂ ಇರಲಿ, ಬೇಕಾದಾಗ ಕೇಳಿದರೆ ತೆಗೆದುಕೊಡುತ್ತೇನೆ, ಎಲ್ಲಿಗೆ ಯಾಕೆ ಎಂದು ಮಾತ್ರ ವಿಚಾರಿಸುವುದಿಲ್ಲ ಅಂದಳು. ಅವನಿಗೆ ಅದು ಚೆನ್ನಾಗಿಯೇ ನಾಟಿತು. ಒಳಬಾಗಿಲಿಗೆ ಶೆಡ್ಡಿನ ಕಡೆಯಿಂದ ಅವಳು ಒಂದು ಚಿಲಕವನ್ನೂ ಹಾಕಿಸಿದಳು.

ಅತ್ತಿಗೆ ಕೇಳಿದ್ದು ಬೇರೆ, ಒಮ್ಮೆ ಕಾರು ಓಡಿಸಲೇ ಎಂದು. ಮದುವೆಗೆ ಮುಂಚೆ ಅವಳು ಡ್ರೈವಿಂಗ್ ಕಲಿತಿದ್ದಳಂತೆ. ಲೈಸೆನ್ಸು ತಪ್ಪದೆ ನವೀಕರಿಸಿಕೊಂಡೂ ಬಂದಿದ್ದಳಂತೆ, ಯಾಕೆಂದು ಅವಳಿಗೇ ಗೊತ್ತಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಡಾಕ್ಟರಮ್ಮನಿಗೆ ಇದು ತಿಳಿದಿರಲಿಲ್ಲ. ನಾಚಿಕೆಯಾಯಿತು. ಅವತ್ತೇ ಕಾರಿನ ಕೀಲಿ ಅತ್ತಿಗೆಯ ಕೈಗಿಟ್ಟಳು.

ಭಾನುವಾರ ಅತ್ತಿಗೆ ಸ್ಟೀರಿಂಗ್ ಹಿಂದೆ ಕೂತು, ಗುಂಡಿ ಒತ್ತಿ, ಬಾಗಿಲು ಪೂರ್ತಿ ಏಳುವವರೆಗೆ ಕಾದು, ಕಾರನ್ನು ಹಿಂದಕ್ಕೆ ತೆಗೆದಳು. ಅಣ್ಣ ಕೈಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಕಾರಿನ ಹಿಂಬದಿ ಗೇಟಿನ ಕಂಬಕ್ಕೆ ಕರ್ರೆಂದು ಉಜ್ಜಿತು.

"ಹೇಳಿದ್ದೆ ತಾನೆ," ಅಂದ ಅಣ್ಣ.

ಪಕ್ಕದ ಸೀಟಿನಲ್ಲಿದ್ದ ಡಾಕ್ಟರಮ್ಮ ಬಾಯಿ ತೆರೆದವಳು ಸುಮ್ಮನಾದಳು. ಅತ್ತಿಗೆ ಕಿಟಕಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

"ಹೇಳಿದ್ರಿ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಇನ್ನೊಂದ್ಸಲ ತಗೋಬೇಕು."