ಎದೆ ಇಳಿಯುವಷ್ಟು ಹೊತ್ತು

ಟೈರಿಗೆ ಗಾಳಿ ಹಾಕಿ ಹಾಕಿಯೇ ತಲೆ ನರೆತಿದ್ದ ಅವನನ್ನು ಎಲ್ಲರೂ ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂದೆ ನೆಲದ ಮೇಲೆ ಮಲಗಿದ್ದ ಅವನ ತಮ್ಮನಿಗೆ ಹಾವು ಕಚ್ಚಿತ್ತು. ಬೆಳಗಾಗುವಷ್ಟರಲ್ಲಿ ರೆಪ್ಪೆ ಜೋತುಬಿದ್ದು, ನಾಲಿಗೆ ತೊದಲಿ, ಕೊನೆಗೆ ಎದೆಯೇ ಏಳದಾಯಿತು.

ಆಸ್ಪತ್ರೆಯಲ್ಲಿ ಉಸಿರಾಡಿಸುವ ಯಂತ್ರ ಇದ್ದದ್ದು ಒಂದೇ. ಅದಕ್ಕೆ ಬೇರೊಬ್ಬ ಹೆಂಗಸನ್ನು ಹಾಕಿದ್ದರು. ಡಾಕ್ಟರು ತಮ್ಮನ ಗಂಟಲಿಗೆ ಕೊಳವೆ ಇಳಿಸಿ, ತುದಿಗೆ ರಬ್ಬರ್ ಚೀಲ ಸಿಕ್ಕಿಸಿ, "ಮನೆಯವರು ಸರದಿ ಮೇಲೆ ಒತ್ತುತ್ತಾ ಇರಿ. ಹೃದಯ ಚೆನ್ನಾಗಿದೆ, ಉಸಿರು ಎಳೆಯೋ ಶಕ್ತಿ ಮಾತ್ರ ಹೋಗಿದೆ. ವಿಷ ಇಳಿಯೋವರೆಗೆ ಉಸಿರು ಕೊಟ್ರೆ ಉಳ್ಕೋತಾನೆ," ಎಂದಿದ್ದರು. ಹೋಗುವಾಗ ಇನ್ನೊಂದು ಮಾತು ಸೇರಿಸಿದ್ದರು: ಕಣ್ಣು ಬಿಡಲಾಗದಿದ್ದರೂ ಅವನಿಗೆ ಎಲ್ಲವೂ ಕೇಳಿಸುತ್ತಿರಬಹುದು.

ತಮ್ಮನ ಹೆಂಡತಿ ಒತ್ತುತ್ತಿದ್ದಳು. ಎದೆ ಏಳುತ್ತಿತ್ತು. ಚೀಲ ಸಡಿಲ ಬಿಟ್ಟು, ಎದೆ ಪೂರ್ತಿ ಇಳಿಯುವ ತನಕ ಕಾಯುತ್ತಿದ್ದಳು. ಅವಳು ಕಾಯುವುದನ್ನು ನೋಡಿ ನೋಡಿ ಗಾಳಿಯಣ್ಣನ ಪಿತ್ತ ನೆತ್ತಿಗೇರಿತು.

"ಏನಮ್ಮ, ನಿದ್ದೆ ಬಂತಾ? ಅವನು ಉಸಿರಿಲ್ದೆ ಬಿದ್ದಿದ್ದಾನೆ, ನೀನು ಆರಾಮಾಗಿ ಹಿಟ್ಟು ನಾದ್ತಾ ಕೂತಿದ್ದೀಯ!"

"ಸಿಸ್ಟರ್ ಹೀಗೇ ಹೇಳ್ಕೊಟ್ಟಿದ್ದು, ಭಾವ."

"ಗಾಳಿ ಹಾಕೋದು ನನಗೇ ಕಲಿಸ್ತೀಯಾ? ಕೊಡಿಲ್ಲಿ."

ಕಿತ್ತುಕೊಂಡು ಒತ್ತತೊಡಗಿದ. ಒತ್ತಿದ ಮೇಲೆ ಒತ್ತಿದ. ವಿಷದ ಮೇಲಿನ ಸಿಟ್ಟು, ಸಿಗದ ಯಂತ್ರದ ಮೇಲಿನ ಸಿಟ್ಟು, ಮಂಚ ಹಾಕಿಕೋ ಎಂದರೆ ಕೇಳದ ತಮ್ಮನ ಮೇಲಿನ ಸಿಟ್ಟು, ಎಲ್ಲವೂ ಆ ಚೀಲಕ್ಕೆ ಇಳಿಯಿತು. ತಮ್ಮನ ಎದೆ ಉಬ್ಬಿ ಉಬ್ಬಿ ಗುಡಾಣದಂತೆ ನಿಂತುಬಿಟ್ಟಿತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದವು.

"ಭಾವ, ಎದೆ ಇಳೀತಾನೇ ಇಲ್ಲ."

"ಯಾಕಿಳೀಬೇಕು? ತುಂಬಲಿ!"

"ಇವರ ಕೈ ತಣ್ಣಗಾಗ್ತಿದೆ ಭಾವ... ಸಿಸ್ಟರ್! ಸಿಸ್ಟರ್!"

ಓಡಿಬಂದ ನರ್ಸ್ ಮಣಿಕಟ್ಟು ಹಿಡಿದಳು, ಕತ್ತು ಮುಟ್ಟಿದಳು, ಚೀಲವನ್ನು ಕೊಳವೆಯಿಂದ ಕಿತ್ತೆಸೆದಳು. ಪಕ್ಕೆಗಳನ್ನು ಎರಡೂ ಕಡೆಯಿಂದ ಅದುಮಿದಳು. ಬುಸ್ಸೆಂದು ಗಾಳಿ ಹೊರಬಂತು. ಎಷ್ಟು ಹೊತ್ತಾದರೂ ಬರುತ್ತಲೇ ಇತ್ತು.

"ಕೊಲ್ತೀರೇನ್ರೀ? ಶ್ವಾಸಕೋಶ ಎರಡೂ ಊದ್ಕೊಂಡು ನಡುವೆ ಇರೋ ಹೃದಯನ ಹಿಸುಕ್ತಾ ಇದ್ವು. ಮೈಯಿಂದ ವಾಪಸ್ ಬರೋ ರಕ್ತಕ್ಕೆ ಒಳಗೆ ಜಾಗ ಬೇಡ್ವಾ? ಅದು ಹೃದಯಕ್ಕೆ ಬಂದು, ಶ್ವಾಸಕೋಶಕ್ಕೆ ಹೋಗಿ, ಗಾಳಿ ಹೊತ್ಕೊಂಡು ಮತ್ತೆ ಮೈಗೆ ಹೋಗ್ಬೇಕು. ಎದೆ ಇಳಿದ್ರೆ ತಾನೇ ಅದು ಒಳಗೆ ಬರೋದು! ರಕ್ತನೇ ಬರದಿದ್ರೆ ನಿಮ್ಮ ಗಾಳಿ ತಗೊಂಡು ಏನ್ಮಾಡೋದು? ಹೊರಗೆ ಹೋಗಿ!"

ನಾಡಿ ಮತ್ತೆ ಸಿಕ್ಕಿತು, ದಾರದಷ್ಟು ಸಣ್ಣಗೆ. ಗಾಳಿಯಣ್ಣ ಹೊರಗೆ ಗೋಡೆಗೊರಗಿ ಕುಸಿದ. ಹೃದಯ ಚೆನ್ನಾಗಿದೆ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಹಾವೂ ಮುಟ್ಟದೆ ಬಿಟ್ಟದ್ದಕ್ಕೆ ತಾನು ಕೈ ಹಾಕಿದ್ದ. ಅಲ್ಲಾಡಲಾಗದೆ, ಕೂಗಲಾಗದೆ, ತಮ್ಮ ಆ ಕತ್ತಲೊಳಗೆ ಮಲಗಿ "ತುಂಬಲಿ" ಎಂಬ ತನ್ನ ಅಬ್ಬರ ಕೇಳಿಸಿಕೊಂಡಿರಬೇಕು.

ಮಧ್ಯಾಹ್ನ ಕಳೆಯಿತು. ಯಂತ್ರ ಬಿಡುವಾಗಲಿಲ್ಲ. ಸಂಜೆಯ ಹೊತ್ತಿಗೆ ಒಳಗೆ ಒಬ್ಬಳೇ ಒತ್ತುತ್ತಿದ್ದ ತಮ್ಮನ ಹೆಂಡತಿಯ ದನಿ ಬಂತು.

"ಭಾವ, ಬನ್ನಿ. ಬೆರಳು ಮಡಚಕ್ಕಾಗ್ತಿಲ್ಲ."

ಬಾಗಿಲಲ್ಲೇ ನಿಂತ. "ನಾನು ಬೇಡಮ್ಮ. ನರ್ಸ್‌ನ ಕರಿ."

"ಅವರು ಇನ್ನೊಬ್ಬರ ಹತ್ರ ಇದ್ದಾರೆ. ಬೇರೆ ಯಾರಿದ್ದಾರೆ ನಮಗೆ? ನಾನು ನಾಡಿ ಹಿಡ್ಕೊಂಡಿರ್ತೀನಿ. ನಾನು ಹೂಂ ಅಂದಾಗ ಒತ್ತಿ. ಅದಕ್ಕೆ ಮುಂಚೆ ಒತ್ತಿದ್ರೆ ಈ ಕೈಯಲ್ಲೇ ನಿಮ್ಮ ಕೆನ್ನೆಗೆ ಬಾರಿಸ್ತೀನಿ."

ಮದುವೆಯಾಗಿ ಬಂದಾಗಿನಿಂದ ಅವನೆದುರು ದನಿಯೆತ್ತಿದವಳಲ್ಲ. ಅವನು ಒಳಗೆ ಬಂದು ಚೀಲ ಹಿಡಿದ.

"ಹೂಂ."

ಒತ್ತಿದ. ಎದೆ ಎದ್ದಿತು. ಬಿಟ್ಟ.

"ಲೋ, ತಪ್ಪಾಯ್ತು ಕಣೋ..."

"ಈಗ ಮಾತು ಬೇಡ. ಎದೆ ನೋಡಿ."

ನೋಡಿದ. ಎದೆ ಇಳಿಯುತ್ತಿತ್ತು, ಇನ್ನೂ ಇಳಿಯುತ್ತಿತ್ತು. ಮತ್ತೆ ಒತ್ತಲು ಕೈ ತವಕಿಸುತ್ತಿತ್ತು. ಅವಳು ಇನ್ನೂ ಹೂಂ ಅಂದಿರಲಿಲ್ಲ.