ಹೋದ ವರ್ಷದ ಮನೆ

ಚುಟ್ಟಾದ ತುದಿಯಲ್ಲಿ ಬೂದಿ ಕಡಲೆಕಾಳಿನಷ್ಟಾಗಿದೆ, ಇನ್ನೂ ಬಿದ್ದಿಲ್ಲ, ಹೊಗೆ ಮಾತ್ರ ಬಿಟ್ಟು ಬಿಟ್ಟು ಬರುತ್ತಿದೆ, ಮರದ ದೇವರ ಬಾಯಲ್ಲಿ ಚುಟ್ಟಾ ತನ್ನಷ್ಟಕ್ಕೆ ಉರಿಯಬೇಕು, ಇದನ್ನು ಯಾರೋ ಎಳೆಯುತ್ತಿದ್ದಾರಲ್ಲ — ನಿಕೊಲಾಸಾ ಒಂದು ಹೆಜ್ಜೆ ಮುಂದೆ ಬಾಗಿ ನೋಡಿದಳು, ಇದು ಮಾಶಿಮೋನ್ ದೇವರಲ್ಲ, ಈ ಮನೆಯ ಯಜಮಾನ ದಿಯೆಗಜ್ಜ, ದೇವರ ಹಾಗೇ ಟೋಪಿಯಿಟ್ಟು, ಕೊರಳಿಗೆ ಏಳೆಂಟು ರೇಷ್ಮೆ ವಸ್ತ್ರ ಸುತ್ತಿ, ದೇವರ ಮೂಲೆಯಲ್ಲೇ ಕೂತ ದಿಯೆಗಜ್ಜ, ದೇವರು ವರ್ಷಕ್ಕೊಂದು ಮನೆ ಬದಲಾಯಿಸುತ್ತಾನೆ, ಎರಡು ತಿಂಗಳ ಹಿಂದೆ ಮೆರವಣಿಗೆಯಲ್ಲಿ ಮೇಲುಕೇರಿಗೆ ಹೋದನಲ್ಲ, ಅವಳೇ ಧೂಪದ ಹಿಂದೆ ನಡೆದಿದ್ದಳಲ್ಲ, ಆದರೂ ಪ್ರವಾಸಿಗರನ್ನು ಕರೆದುಕೊಂಡು ಬರುವಾಗ ಕಾಲು ಹೋದ ವರ್ಷದ ಮನೆಗೇ ಎಳೆದು ತಂದಿತು, ಸರೋವರದ ನಡುವೆ ದೋಣಿಯಲ್ಲಿ ಕೂತು ಆಚೆ ದಡದ ಜ್ವಾಲಾಮುಖಿಯ ನೆತ್ತಿಯ ಮೋಡ ನೋಡುತ್ತ ತನ್ನ ಅಜ್ಜಿ ಹೇಳುತ್ತಿದ್ದ ಕಥೆಯೊಳಗೆ ಹೊಕ್ಕವಳು ದೋಣಿ ಇಳಿದರೂ ಹೊರಬಂದಿರಲಿಲ್ಲ, ಬೆಳಿಗ್ಗೆಯೇ ದೋಣಿಯ ಗಾಸ್ಪರ್ ಮಾವ ಹೇಳಿದ್ದ, ನೋಡು ಕೂಸೇ, ಗೈಡಾಗಿ ಇದು ನಿನ್ನ ಮೊದಲ್ನೇ ದಿನ, ಮೂರು ಊರು, ಒಂದು ದೇವ್ರು, ಗಾಳಿ ಏಳೋದ್ರೊಳಗೆ ವಾಪಸ್ಸು, ಎಡವಟ್ಟಾಯ್ತೋ ನಾಳೆಯಿಂದ ನನ್ನ ಅಳಿಯನೇ ಗೈಡು, ನೀನು ಚಿಕ್ಕಮ್ಮನ ಅಂಗಡೀಲಿ ರೊಟ್ಟಿ ತಟ್ಕೊಂಡಿರು, ಬೂದಿ ಈಗ ಹೆಬ್ಬೆರಳಿನ ಉಗುರಷ್ಟು, ಎಂಥ ಕೆತ್ತನೆ ನೋಡೇ, ಕಿವಿಯೊಳಗೆ ಕೂದಲೂ ಇಟ್ಟಿದ್ದಾರೆ, ಎಂದು ಹಾಲೆಂಡಿನ ಉದ್ದನೆಯ ಮನುಷ್ಯ ಹೆಂಡತಿಗೆ ತೋರಿಸುತ್ತಾನೆ, ಯಾವ ಮರವಮ್ಮಾ ಇದು, ಹಳೇ ಮರ ಸಾರ್, ಎಂದಳು ನಿಕೊಲಾಸಾ, ಆ ನಾಲಿಗೆ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ, ಒಳಗಿಂದ ದಿಯೆಗಜ್ಜನ ಹೆಂಡತಿಯ ಕೂಗು ಊರ ಭಾಷೆಯಲ್ಲಿ, ಎದ್ದು ಬಾರೋ ಮುದುಕ, ದೇವ್ರು ಗಂಟು ಕಟ್ಕೊಂಡು ಹೋಗಿ ಎರಡು ತಿಂಗಳಾಯ್ತು, ಆ ಮೂಲೆ ನಿನಗ್ಯಾಕೆ, ಮನೆ ಬಿಕೋ ಅನ್ನುತ್ತೆ ಅಂತ ನೀನೇ ದೇವರಾಗ್ತೀಯಾ, ಏನಂತಾರೆ ಅವರು, ಪ್ರಾರ್ಥನೆ ಸಾರ್, ಸಾಕು ಈ ಸುಳ್ಳು, ಹೇಳಿಬಿಡಬೇಕು, ಇದು ಆ ಮನೆಯಲ್ಲ, ಇವನು ಅವನಲ್ಲ, ಬಾಯಿ ತೆರೆದಳು, ಅಷ್ಟರಲ್ಲಿ ಆ ಉದ್ದನೆಯವನ ಹೆಂಡತಿ ಚಾಪೆಯ ಮೇಲೆ ಮಂಡಿಯೂರಿಬಿಟ್ಟಳು, ಮುರುಕು ಸ್ಪ್ಯಾನಿಶ್‌ನಲ್ಲಿ, ಮಗಳು ನನ್ನ ಜೊತೆ ಮಾತಾಡಿ ನಾಲ್ಕು ವರ್ಷ, ಒಂದು ಸಲ ಫೋನ್ ಮಾಡಲಿ ಸ್ವಾಮಿ, ಬೈಯೋದಕ್ಕಾದರೂ ಸರಿ — ಕಿವಿಯ ಕೂದಲು ಎಣಿಸುತ್ತಿದ್ದ ಗಂಡ ಗೋಡೆ ಕಡೆ ತಿರುಗಿದ, ದೇವ್ರಿಗೆ ಬೇಜಾರಾದ್ರೆ ಯಾವ್ದಾದ್ರೂ ಮುದುಕನ ಮುಖ ಹಾಕ್ಕೊಂಡು ಕೂರ್ತಾನೆ ಮಗಾ ಎನ್ನುತ್ತಿದ್ದಳು ನಿಕೊಲಾಸಾಳ ಅಜ್ಜಿ, ಅದು ಕಥೆಯೋ, ತನ್ನ ಕೆಲಸ ಉಳಿಸಿಕೊಳ್ಳುವ ನೆಪವೋ, ದಡದಿಂದ ಗಾಸ್ಪರ್ ಮಾವನ ಸಿಳ್ಳೆ, ಗಾಳಿ ಎದ್ದಿತು, ರೇಷ್ಮೆ ಅಂಚುಗಳು ಅಲುಗಿದವು, ದಿಯೆಗಜ್ಜನ ಕಣ್ಣಲ್ಲಿ ನೀರು, ಹೊಗೆಯದೋ ಏನೋ, ಕಚ್ಚಿದ ಹಲ್ಲಿನ ಸಂದಿನಿಂದ ಊರ ಭಾಷೆಯಲ್ಲಿ ಅವನ ಪಿಸುಮಾತು, ಕೈ ಒಡ್ಡೇ ಹುಡುಗಿ, ದೇವ್ರ ಬೂದಿ ನೆಲಕ್ಕೆ ಬೀಳ್ಬಾರ್ದು, ಗೊತ್ತಿಲ್ವಾ — ಒಡ್ಡಿದಳು, ಟೋಪಿ ಕೂದಲೆಳೆಯಷ್ಟು ಬಾಗಿತು, ಮಂಡಿಯೂರಿದ ಹೆಂಗಸಿಗೆ ಹೂಂ ಎಂದಂತೆ, ಬೂದಿ ಬೆರಳಿನಷ್ಟಾಗಿದೆ, ಬಾಗಿದೆ, ಕೆಳಗೆ ಒಡ್ಡಿದ ಅಂಗೈ, ಇನ್ನೂ ಬಿದ್ದಿಲ್ಲ