ಎಲೆಯಲ್ಲಿಲ್ಲದ ಚುಕ್ಕೆ

ಕಂಪಲಾಪುರದಲ್ಲಿ ಹೊಗೆಸೊಪ್ಪು ವಿಂಗಡಿಸುವುದರಲ್ಲಿ ನನ್ನ ಹೆಂಡತಿ ಪುಟ್ಟಲಕ್ಷ್ಮಿಯದು ಎತ್ತಿದ ಕೈ. ಅಂಥವಳು ಅವತ್ತು ಹೊಂಬಣ್ಣದ ಒಳ್ಳೆ ಸೊಪ್ಪನ್ನೆಲ್ಲ ಕಡಿಮೆ ಬೆಲೆಯ ಚುಕ್ಕೆ ಸೊಪ್ಪಿನ ರಾಶಿಗೆ ಹಾಕುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ಏನಮ್ಮಿ, ಕಣ್ಣು ಕಾಣಾಕಿಲ್ವಾ ನಿಂಗೆ?"

"ಚುಕ್ಕೆ ಅದೆ ಕಣ್ರೀ, ನೋಡಿ" ಎಂದು ಎಲೆ ಹಿಡಿದಳು. ಎಲೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಶಹನಾಜ್ ಬಂದರು. ಪುಟ್ಟಲಕ್ಷ್ಮಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಅವರು ಆಗಾಗ ವಿಚಾರಿಸಿಕೊಂಡು ಹೋಗುತ್ತಾರೆ. ನಾನು ದೂರು ಹೇಳಿದೆ. ಅವರು ನಗಲಿಲ್ಲ.

"ಅಕ್ಕಾ, ಎಲೆ ಬುಡಿ. ಈ ಬಿಳೀ ಗೋಡೆ ನೋಡಿ. ಚುಕ್ಕೆ ಅದಾ?"

"ಇಲ್ಲೂ ಅದೆ. ಕಣ್ಣಾಡ್ಸಿದ್ರೆ ಅದೂ ತೇಲ್ಕಂಡು ಬತ್ತದೆ."

"ಒಂದೊಂದೇ ಕಣ್ಣು ಮುಚ್ಚಿ ನೋಡಿ."

ಬಲಗಣ್ಣು ಮುಚ್ಚಿದವಳ ಮುಖ ಬಿಳಿಚಿಕೊಂಡಿತು. "ಎಲ್ಲಾ ಮಬ್ಬು. ನಿಮ್ ಮುಖಾನೇ ಕಾಣಾಕಿಲ್ಲ" ಎಂದಳು.

"ಕನ್ನಡಕ ಹಾಕ್ಸಿದ್ರಾಯ್ತು ಬುಡಿ. ಸೊಪ್ಪು ಮುಗೀಲಿ, ಮುಂದಿನ ತಿಂಗ್ಳು ಓಯ್ತೀವಿ" ಎಂದೆ. ಧೈರ್ಯಕ್ಕೆ ಆಡಿದ ಮಾತು ಅದು.

"ಚೆಲುವರಾಜಣ್ಣ, ಇದು ಕನ್ನಡಕದ ಕೆಲ್ಸ ಅಲ್ಲ. ಸಕ್ಕರೆ ಕಾಯಿಲೇಲಿ ಕಣ್ಣಿನ ಹಿಂದಿನ ಪರದೇಲಿರೋ ಸಣ್ಣ ರಕ್ತನಾಳ ಹಾಳಾಗ್ತವೆ. ರಕ್ತ ಒಸರಿದ್ರೆ ಹಿಂಗೆ ಚುಕ್ಕೆ, ದಾರ ತೇಲ್ದಂಗೆ ಕಾಣ್ತದೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ತಡ ಮಾಡಿದ್ರೆ ಹೋದ ಕಣ್ಣು ವಾಪಸ್ ಬರಲ್ಲ. ಇವತ್ತೇ ಹೊರಡಿ."

ಸೊಪ್ಪನ್ನು ಅಲ್ಲೇ ಬಿಟ್ಟು ಮೈಸೂರಿನ ಬಸ್ಸು ಹತ್ತಿದೆವು. ಹುಣಸೂರು ದಾಟುವವರೆಗೂ ಅವಳು ಒಂದೊಂದೇ ಕಣ್ಣು ಮುಚ್ಚಿ ಅಂಗಡಿ ಬೋರ್ಡುಗಳನ್ನು ನೋಡುತ್ತಿದ್ದಳು. "ಬಲಗಣ್ಣೂ ಓಗ್ಬುಟ್ರೆ ಏನ್ ಮಾಡನ?" ಎಂದು ಕೇಳಿದಳು.

ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಟ್ಟು, ಪಾಪೆ ಅಗಲಿಸಿ ನೋಡಿದರು. ಎಡಗಣ್ಣಿನೊಳಗೆ ರಕ್ತ ಒಸರಿತ್ತು. ಚೆನ್ನಾಗಿ ಕಾಣುತ್ತಿದ್ದ ಬಲಗಣ್ಣಿನ ರಕ್ತನಾಳಗಳೂ ಕೆಡುತ್ತಿದ್ದವು. ಮೂರು ಸಲ ಓಡಾಡಿ ಲೇಸರ್ ಚಿಕಿತ್ಸೆ ಮಾಡಿಸಿದೆವು. ಬಲಗಣ್ಣು ಉಳಿಯಿತು. ಎಡಗಣ್ಣಿನ ದೃಷ್ಟಿ ಪೂರ್ತಿ ಬರಲಿಲ್ಲ. ಮೊದಲೇ ಬಂದಿದ್ದರೆ ಅದನ್ನೂ ಉಳಿಸಬಹುದಿತ್ತಂತೆ.

ಹೋದ ವರ್ಷವೇ ಶಹನಾಜ್ ಕಣ್ಣಿನ ತಪಾಸಣೆಗೆ ಕರೆದಿದ್ದರು. "ಕಣ್ಣು ಚೆನ್ನಾಗೇ ಅದಲ್ಲ" ಎಂದು ತಡೆದವನು ನಾನೇ.

ಈಗಲೂ ಪುಟ್ಟಲಕ್ಷ್ಮಿ ಸೊಪ್ಪು ವಿಂಗಡಿಸುತ್ತಾಳೆ. ಅನುಮಾನ ಬಂದರೆ ಎಲೆಯನ್ನು ನನ್ನ ಮುಂದೆ ಹಿಡಿದು, "ಚುಕ್ಕೆ ಅದಾ?" ಎನ್ನುತ್ತಾಳೆ. ಆಗೆಲ್ಲ ನನಗೆ ನಾಚಿಕೆಯಾಗುತ್ತದೆ.

ಸಕ್ಕರೆ ಕಾಯಿಲೆ ಇರುವ ಅಕ್ಕಂದಿರೇ, ಅಣ್ಣಂದಿರೇ, ಸಕ್ಕರೆ, ಬಿಪಿ ಹತೋಟಿಯಲ್ಲಿಡಿ. ವರ್ಷಕ್ಕೊಮ್ಮೆ ಕಣ್ಣಿನ ಪರದೆ ತಪಾಸಣೆ ಮಾಡಿಸಿ. ತೇಲುವ ಚುಕ್ಕೆ, ಮಬ್ಬು, ಕಪ್ಪು ನೆರಳು ಕಂಡರೆ ಅವತ್ತೇ ಹೊರಡಿ. ನನ್ನ ಹಾಗೆ "ಕಣ್ಣು ಚೆನ್ನಾಗೇ ಅದಲ್ಲ" ಎನ್ನಬೇಡಿ.